ಜೆಸ್ಸಿ ಬರೆಯದ ಸಾಲು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಒಂದು ಸಣ್ಣ ಬಂದರಿನ ಮ್ಯೂಸಿಯಮ್ಮಿನಲ್ಲಿ, ಜೆಸ್ಸಿ ಎಂಬ ಮೀನುಕೆಲಸದ ಹೆಂಗಸು ಬರೆದದ್ದೆಂದು ಮೂರು ವರ್ಷ ಗೋಡೆಯ ಮೇಲಿದ್ದ ಸಾಲನ್ನು ಬರೆದವಳು ನಾನು. ಜೆಸ್ಸಿ ಅದನ್ನು ಬರೆದಿರಲಿಲ್ಲ. ಅವಳು ನಿಜವಾಗಿ ಬರೆದದ್ದನ್ನು ನಾನು ಕಳೆದುಹಾಕಿದ್ದೆ. ಕಳೆದದ್ದನ್ನು ಮುಚ್ಚಿಡಲು ಸತ್ತು ಎಷ್ಟೋ ವರ್ಷವಾದ ಒಬ್ಬ ಹೆಂಗಸಿನ ಬಾಯಲ್ಲಿ ನನ್ನ ಮಾತನ್ನು ಇಟ್ಟೆ.

ನನ್ನ ಊರು ಮಲ್ಪೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿಗೆ ಬಂದು ಹದಿನಾರು ವರ್ಷವಾಯಿತು. ಗಂಡ ಹರೀಶ್ ಮೈಸೂರಿನವರು, ಲೀಡ್ಸಿನಲ್ಲಿ ಎಂಜಿನಿಯರ್. ನಾನು ಮ್ಯಾಂಚೆಸ್ಟರ್ ಬಳಿಯ ಮೀಡಿಯಾಸಿಟಿಯ ಒಂದು ಸಣ್ಣ ಕಂಪನಿಯಲ್ಲಿ ಮ್ಯೂಸಿಯಮ್ಮುಗಳಿಗೆ ಗೋಡೆಯ ಫಲಕ, ಟಚ್‌ಸ್ಕ್ರೀನ್ ಮಾಡಿಕೊಡುವ ಕೆಲಸದಲ್ಲಿದ್ದೆ. ಆ ಬಂದರಿನ ಮ್ಯೂಸಿಯಮ್ ನಮಗೊಂದು ಕೆಲಸ ಕೊಟ್ಟಿತು: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನಡೆಯುತ್ತಿದ್ದ ಹೆರಿಂಗ್ ವ್ಯಾಪಾರದ ಕಥೆಯನ್ನು ಹೇಳಬೇಕು. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ಬಳಗದ್ದೇ ಮೀನು, ಗಾತ್ರದಲ್ಲಿ ದೊಡ್ಡದು. ದೋಣಿಗಳು ಅದನ್ನು ತಂದು ದಡದ ಮರದ ತೊಟ್ಟಿಗಳಿಗೆ ಸುರಿಯುತ್ತಿದ್ದವು. ಹೆಂಗಸರು ಮೂವರಂತೆ ನಿಲ್ಲುತ್ತಿದ್ದರು — ಇಬ್ಬರು ಕರುಳು ತೆಗೆಯುವವರು, ಒಬ್ಬಳು ಉಪ್ಪು ಹಾಕಿ ಪೀಪಾಯಿಗೆ ಜೋಡಿಸುವವಳು. ಪೀಪಾಯಿಗಳು ಹಡಗು ಹತ್ತಿ ಜರ್ಮನಿಗೆ, ರಷ್ಯಕ್ಕೆ ಹೋಗುತ್ತಿದ್ದವು.

ಈ ಕೆಲಸದ ಸುದ್ದಿಯನ್ನು ನಮ್ಮ ಬೀದಿಯ ಇಶಬೆಲ್‌ಗೆ ನಾನೇ ಹೇಳಿದ್ದು. ಎರಡು ಮನೆ ಆಚೆ ಒಬ್ಬರೇ ಇದ್ದರು; ಎಂಬತ್ತು ದಾಟಿದ್ದರು, ಹಿಂದೆ ಟೀಚರ್ ಆಗಿದ್ದವರು. ಅವರು ಹುಟ್ಟಿದ್ದು ಅದೇ ಬಂದರಿನಲ್ಲಿ. ಅವರ ಅಜ್ಜಿ ಜೆಸ್ಸಿ ಅದೇ ತೊಟ್ಟಿಗಳ ಮುಂದೆ ನಿಂತವಳು. ಮರುದಿನ ಇಶಬೆಲ್ ಬಿಸ್ಕತ್ತಿನ ಡಬ್ಬಿಯೊಂದರಿಂದ ಅಂಗೈಯಗಲದ ಒಂದು ನೋಟುಪುಸ್ತಕ ತೆಗೆದು ನನ್ನ ಕೈಗಿಟ್ಟರು. ಜೆಸ್ಸಿ ಸೀಸನ್ನಿನ ದಿನಗಳಲ್ಲಿ ಪೆನ್ಸಿಲಿನಲ್ಲಿ ಎರಡೆರಡು ಸಾಲು ಬರೆದಿಟ್ಟದ್ದು. ಇಶಬೆಲ್‌ರ ಅಮ್ಮ ಬದುಕಿರುವ ತನಕ ಅದನ್ನು ಯಾರಿಗೂ ಓದಲು ಬಿಟ್ಟಿರಲಿಲ್ಲವಂತೆ. ಇಶಬೆಲ್ ಕೈಗೆ ಬರುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಸ್ಕ್ಯಾನ್ ಮಾಡಿ, ದೊಡ್ಡ ಅಕ್ಷರದಲ್ಲಿ ತಂದುಕೊಡುತ್ತೇನೆ ಎಂದೆ.

ಮನೆಗೆ ತಂದು ಎರಡು ಪುಟಗಳ ಫೋಟೋ ತೆಗೆದೆ. ಎರಡೇ. ಉಳಿದದ್ದನ್ನು ಆಫೀಸಿನ ಸ್ಕ್ಯಾನರಿನಲ್ಲಿ ಮಾಡೋಣ ಎಂದು ಬಟ್ಟೆಚೀಲದಲ್ಲಿ ಹಾಕಿಕೊಂಡೆ. ಮ್ಯಾಂಚೆಸ್ಟರಿನಲ್ಲಿ ಟ್ರೈನ್ ಇಳಿಯುವಾಗ ಫೋನಿನಲ್ಲಿ ಮಾತಾಡುತ್ತಿದ್ದೆ. ಚೀಲ ಸೀಟಿನಲ್ಲೇ ಉಳಿಯಿತು. ಟ್ರಾಮ್ ಹತ್ತಿದ ಮೇಲೆ ನೆನಪಾಯಿತು. ಓಡಿದೆ, ಫಾರ್ಮು ತುಂಬಿದೆ, ವಾರಗಟ್ಟಲೆ ಫೋನ್ ಮಾಡಿದೆ. ಚೀಲ ಸಿಗಲಿಲ್ಲ.

ಹರೀಶ್ ಅಂದೇ ಹೇಳಿದರು: "ಹೋಗಿ ಹೇಳ್ಬಿಡು ಶಶಿ. ಇವತ್ತು ಬೈತಾರೆ, ಅಳ್ತಾರೆ. ನಾಳೆಗೆ ಬಿಟ್ರೆ ನಿನಗೇ ಹೇಳೋಕಾಗಲ್ಲ."

ಹೋದೆ. ಹೇಳಬೇಕೆಂದೇ ಹೋದೆ. ಇಶಬೆಲ್ ಕೇಕ್ ಮಾಡಿದ್ದರು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಜೆಸ್ಸಿ ಏನೆಂದಳು ಎಂದು ಕೇಳಿದರು. ಫೋನಿನಲ್ಲಿದ್ದ ಎರಡು ಪುಟ ಓದಿದೆ. *ಪೂರ್ವದ ಗಾಳಿ. ದೋಣಿ ಬರಲಿಲ್ಲ. ಕಾಲುಚೀಲ ಹೆಣೆದೆ.* ಇನ್ನೊಂದು — *ಆನ್ ಹೆಬ್ಬೆರಳು ಕೊಯ್ದುಕೊಂಡಳು. ಅವಳ ಕೆಲಸವನ್ನೂ ನಾವಿಬ್ಬರೇ ಮಾಡಿದೆವು.* ಇಶಬೆಲ್ ಕಣ್ಣು ಮುಚ್ಚಿ ಕೇಳಿದರು. ಮುಂದಿನ ಭಾನುವಾರ ಇನ್ನಷ್ಟು ಓದಬೇಕೆಂದು ಮಾತು ತೆಗೆದುಕೊಂಡರು. ಪುಸ್ತಕ ಎಲ್ಲಿದೆ ಎಂದು ಅವರು ಕೇಳಲೇ ಇಲ್ಲ — ಕೇಳಿದ್ದರೆ ಹೇಳುತ್ತಿದ್ದೆನೇನೋ. ಇದೂ ನಾನು ನನಗೇ ಹೇಳಿಕೊಂಡ ಮಾತು, ಅಷ್ಟೆ.

ಮುಂದಿನ ಭಾನುವಾರಕ್ಕೆ ಒಂದು ಪುಟ ಬರೆದುಕೊಂಡು ಹೋದೆ.

ಕಷ್ಟವಾಗಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಮ್ಯೂಸಿಯಮ್ ಕಳಿಸಿದ ದಾಖಲೆಗಳು ನನ್ನ ಹತ್ತಿರ ಇದ್ದವು: ಕತ್ತಿ ತಾಗದಂತೆ ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದದ್ದು, ಮೀನಿನ ಹಿಂದೆ ರೈಲು ಹತ್ತಿ ದಕ್ಷಿಣದ ಬಂದರುಗಳಿಗೆ ಹೋಗುತ್ತಿದ್ದದ್ದು, ನಡೆಯುವಾಗಲೂ ಹೆಣೆಯುತ್ತಿದ್ದದ್ದು. ಉಳಿದದ್ದು ನನ್ನ ಅಜ್ಜಿಯದು. ಅವಳು ಮಲ್ಪೆಯಲ್ಲಿ ಮೀನಿಗೆ ಉಪ್ಪು ಹಾಕಿ ಒಣಗಿಸಿದವಳು. ಗಾಯಕ್ಕೆ ಉಪ್ಪು ಇಳಿದ ದಿನ ಅನ್ನ ಕಲಸಿಕೊಳ್ಳಲಾಗದೆ ನನ್ನಿಂದ ತುತ್ತು ಹಾಕಿಸಿಕೊಳ್ಳುತ್ತಿದ್ದಳು. ಈ ದೇಶದಲ್ಲಿ ಅವಳ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಕನ್ನಡದವರು ಸೇರಿದಾಗ ಉಡುಪಿಯ ಕಡೆ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಹಾಗೆ ಮುಚ್ಚಿಟ್ಟ ಅಜ್ಜಿಯನ್ನು ಜೆಸ್ಸಿಯ ಹೆಸರಿನಲ್ಲಿ ಭಾನುವಾರ ಭಾನುವಾರ ಓದಿ ಹೇಳಿದೆ. ಇಶಬೆಲ್ ನಗುತ್ತಿದ್ದರು, ಕೆಲವೊಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಚಳಿಗಾಲದಲ್ಲಿ ನಾನು — ಹೇಳಲು ನಾಚಿಕೆಯಾಗುತ್ತದೆ — ಭಾನುವಾರಕ್ಕಾಗಿ ಕಾಯುತ್ತಿದ್ದೆ.

ಮಾರ್ಚಿನಲ್ಲಿ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ, ಮಗಳು ಮೊರಾಗ್ ಔಷಧಿ ತರಲು ಹೋಗಿದ್ದಾಗ, ಇಶಬೆಲ್ ಅದುವರೆಗೆ ಹೇಳದಿದ್ದ ಒಂದು ವಿಷಯ ಹೇಳಿದರು. ಅವರ ಅಮ್ಮನ ತಂದೆ ಯಾರೆಂದು ಯಾರಿಗೂ ಗೊತ್ತಿಲ್ಲ. ಜೆಸ್ಸಿಗೆ ಮದುವೆಯಾಗಿರಲಿಲ್ಲ. ಮಗುವನ್ನು ಜೆಸ್ಸಿಯ ಸೋದರತ್ತೆಯೊಬ್ಬಳು ಬೆಳೆಸಿದಳು. ಜೆಸ್ಸಿ ಆ ವರ್ಷವೂ ಮೀನಿನ ಹಿಂದೆ ರೈಲು ಹತ್ತಿದಳು. ತಾನು ಬೇಡವಾದ ಕೂಸು ಎಂಬ ಭಾವನೆಯಲ್ಲೇ ಅವರ ಅಮ್ಮ ಬದುಕಿ, ಸತ್ತರಂತೆ.

"ಆ ಪುಸ್ತಕದಲ್ಲಿ ಇದೆಯಾ ಶಶಿ? ನನ್ನ ಅಮ್ಮ ಅವಳಿಗೆ ಬೇಕಾಗಿದ್ದಳಾ?"

ಪುಸ್ತಕ ಕಳೆದುಹೋಗಿದೆ ಎಂದು ಹೇಳಲು ಅದು ಕೊನೆಯ ಅವಕಾಶವಾಗಿತ್ತು. ನಾನು ಫೋನ್ ತೆಗೆದು, ಬರಿದಾದ ಪರದೆ ನೋಡುತ್ತ ಓದಿದೆ: "ಈ ಮಗುವಿಗೆ ತಂದೆಯ ಹೆಸರಿಲ್ಲ. ಆದರೆ ಇವಳು ಬೇಡವೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ."

ಇಶಬೆಲ್ ಇನ್ನೊಂದು ಸಲ ಓದು ಎಂದರು. ಓದಿದೆ. ಹನ್ನೆರಡು ದಿನಕ್ಕೆ ತೀರಿಕೊಂಡರು.

ಅಂತ್ಯಕ್ರಿಯೆಯ ದಿನ ಮೊರಾಗ್ ಆ ಸಾಲನ್ನು ಎಲ್ಲರ ಮುಂದೆ ಓದಿದಳು. ಅವಳಮ್ಮ ಅದನ್ನು ಅವಳಿಗೆ ಬಾಯಿಪಾಠ ಮಾಡಿಸಿದ್ದರು. ಅದು ಮ್ಯೂಸಿಯಮ್ಮಿನಲ್ಲಿಯೂ ಇರಲಿ ಎಂದು ನನ್ನನ್ನು ಕೇಳಿದಳು. ಮ್ಯೂಸಿಯಮ್ಮಿನವರು ಮೂಲ ಎಲ್ಲಿದೆ ಎಂದರು. ಕುಟುಂಬದವರ ಬಳಿ ಇದೆ ಎಂದು ಬರೆದೆ. ಫಲಕದ ಅಕ್ಷರ ಜೋಡಿಸಿದವಳೂ ನಾನೇ. ಸಾಲಿನ ಕೆಳಗೆ ಜೆಸ್ಸಿಯ ಹೆಸರನ್ನೂ ಟೈಪ್ ಮಾಡಿದೆ. ಊಟಕ್ಕೆ ಮುಂಚೆ ಮುಗಿಸಿದೆ.

ಎರಡು ವರ್ಷದ ನಂತರ ಲೀಡ್ಸಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಹೆರಿಂಗ್ ಹೆಂಗಸರ ಬಗ್ಗೆ ಪ್ರಬಂಧ ಬರೆಯುತ್ತಿದ್ದವಳು, ಮೂಲ ಪುಸ್ತಕವನ್ನು ನೋಡಬೇಕೆಂದು ಮೊರಾಗ್‌ಗೆ ಪತ್ರ ಬರೆದಳು. ಮೊರಾಗ್ ನನ್ನನ್ನು ಕೇಳಿದಳು. ನಿನ್ನ ಅಮ್ಮನಿಗೆ ವಾಪಸು ಕೊಟ್ಟಿದ್ದೆ ಎಂದೆ — ಎಷ್ಟು ಸಲೀಸಾಗಿ ಬಂತು ಆ ಮಾತು. ಅವಳು ಅಟ್ಟ ಹುಡುಕಿದಳು, ಡಬ್ಬಿಗಳನ್ನು ಹುಡುಕಿದಳು. ಆಮೇಲೆ ನಮ್ಮ ಅಡುಗೆಮನೆಯಲ್ಲಿ ಕೂತು, ಅಮ್ಮನ ಮನೆ ಖಾಲಿ ಮಾಡುವಾಗ ಹಳೆಯ ಕಾಗದಗಳ ಜೊತೆ ತಾನೇ ಅದನ್ನು ಎಸೆದಿರಬೇಕು ಎಂದು ಅತ್ತಳು. ನಾನು ಅವಳ ಬೆನ್ನು ಸವರಿ, ಟೀ ಮಾಡಿಕೊಟ್ಟೆ. ಅದು ನಿನ್ನ ತಪ್ಪಲ್ಲ ಎಂದೆ. ಆ ವರ್ಷಗಳಲ್ಲಿ ನಾನಾಡಿದ ಒಂದೇ ನಿಜ ಅದು, ಅದನ್ನೂ ಸುಳ್ಳಿಗಾಗಿಯೇ ಬಳಸಿದೆ.

ಹತ್ತು ತಿಂಗಳು ಅವಳನ್ನು ಹಾಗೆಯೇ ಬಿಟ್ಟೆ. ಆ ಮನೆ ಖಾಲಿ ಮಾಡಿದ ವಿಷಯ ಬಂದಾಗಲೆಲ್ಲ ಅವಳ ಮುಖ ಬಾಡುವುದನ್ನು ನೋಡಿದೆ. ಕೊನೆಗೆ ಹೇಳಿದ್ದು ಧೈರ್ಯದಿಂದಲ್ಲ. ವಿದ್ಯಾರ್ಥಿನಿಯ ಲೇಖನ ಅಚ್ಚಾಗುವುದರಲ್ಲಿತ್ತು, ಮೊರಾಗ್ ಅದರ ಕರಡನ್ನು ನನಗೆ ಹೆಮ್ಮೆಯಿಂದ ಕಳಿಸಿದ್ದಳು. ಆ ಕಾಲದ ಹೆಂಗಸರ ಮನಸ್ಸು ಹೀಗಿತ್ತು ಎನ್ನಲು ಅದರಲ್ಲಿ ನನ್ನ ಸಾಲೇ ಆಧಾರವಾಗಿತ್ತು.

ಲೀಡ್ಸ್ ಸ್ಟೇಷನ್ನಿನ ಹತ್ತಿರದ ಒಂದು ಕೆಫೆಯಲ್ಲಿ ಮೊರಾಗ್‌ಗೆ ಎಲ್ಲ ಹೇಳಿದೆ. ಟ್ರೈನಿನಿಂದ ಮೊದಲುಮಾಡಿ, ಏನೂ ಬಿಡದೆ. ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು, ನಿಜವಾದದ್ದು ಯಾವುದು ಎಂದು. ಎರಡು ಪುಟಗಳನ್ನು ತೋರಿಸಿದೆ. ಗಾಳಿ, ಕಾಲುಚೀಲ, ಆನ್‌ಳ ಹೆಬ್ಬೆರಳು. ಅದನ್ನು ನಿಧಾನವಾಗಿ ಓದಿದಳು.

"ಅಮ್ಮನಿಗೆ ಮಾಡಿದ್ದನ್ನ ಒಂದು ದಿನ ಕ್ಷಮಿಸಬಹುದೇನೋ," ಎಂದಳು. "ನಾನೇ ಎಸೆದೆ ಅಂತ ನಾನು ಅಳ್ತಿದ್ದಾಗ ನೀನು ಪಕ್ಕದಲ್ಲಿ ಕೂತಿದ್ದೆಯಲ್ಲ. ಅದನ್ನ ಏನು ಮಾಡಲಿ, ಶಶಿ?"

ಅವಳು ಕೋಟು ಹಾಕಿಕೊಂಡು ಹೋದಳು.

ಅದೇ ವಾರ ಮ್ಯೂಸಿಯಮ್ಮಿಗೂ ವಿದ್ಯಾರ್ಥಿನಿಗೂ ಬರೆದೆ. ಆ ಹುಡುಗಿ ಒಂದು ಅಧ್ಯಾಯವನ್ನೇ ಹೊಸದಾಗಿ ಬರೆಯಬೇಕಾಯಿತು. ಫಲಕ ಇಳಿಸಿದರು. ಈಗ ಅಲ್ಲಿ ಆ ಎರಡು ಪುಟಗಳ ಚಿತ್ರ ಮಾತ್ರ ಇದೆ, ಉಳಿದ ಪುಸ್ತಕವನ್ನು ಫಲಕ ತಯಾರಿಸಿದವರೇ ಕಳೆದುಹಾಕಿದರೆಂಬ ಟಿಪ್ಪಣಿಯೊಂದಿಗೆ. ಕಂಪನಿ ನನ್ನನ್ನು ಕೆಲಸದಿಂದ ತೆಗೆಯಿತು, ತೆಗೆಯಬೇಕಾದದ್ದೇ. ಮೊರಾಗ್ ಆಮೇಲೆ ಮಾತಾಡಿಲ್ಲ. ಮಾತಾಡು ಎಂದು ಕೇಳುವ ಹಕ್ಕು ನನಗಿದೆ ಎಂದು ನನಗನ್ನಿಸುವುದಿಲ್ಲ.

ಹರೀಶ್ ಒಮ್ಮೊಮ್ಮೆ ಸಮಾಧಾನ ಹೇಳುತ್ತಾರೆ, ಆ ಮುದುಕಿ ನೆಮ್ಮದಿಯಾಗಿ ಹೋದರಲ್ಲ ಎಂದು. ಹೋದರು, ನಿಜ. ಕೊನೆಯ ಪುಟಗಳಲ್ಲಿ ಜೆಸ್ಸಿ ಮಗುವಿನ ಬಗ್ಗೆ ಏನಾದರೂ ಬರೆದಿದ್ದಳೋ, ಬರೆದಿರಲಿಲ್ಲವೋ. ಬೇಕೆಂದಿದ್ದಳೋ, ಬೇಡವೆಂದಿದ್ದಳೋ — ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ಮಧ್ಯಾಹ್ನ ಇಶಬೆಲ್ ಕೇಳಿದ್ದು ತಮ್ಮ ಅಜ್ಜಿಯನ್ನು. ಉತ್ತರ ಕೊಟ್ಟವಳು ನಾನು.