ಜಾಂಬಿಗೆ ಬಿಟ್ಟ ಹಿಂದಿನ ಗೇಟು

ಮಕ್ಕಳೇ, ಜಾಂಬಿ ಆಟ ಆಡುವಾಗ ನೀವು ಮನೆಯ ಬಾಗಿಲುಗಳನ್ನೆಲ್ಲ ಹಾಕಿ ಮಂಚದ ಕೆಳಗೆ ಸೇರಿಕೊಳ್ಳುತ್ತೀರಿ. ನಾನು ಸದ್ದಿಲ್ಲದೆ ಹೋಗಿ ಹಿತ್ತಲ ಬಾಗಿಲು ತೆರೆಯುತ್ತೇನೆ. "ಅಜ್ಜಿ ಮೋಸ ಮಾಡ್ತಾಳೆ" ಎಂದು ನೀವು ಕೂಗಾಡುತ್ತೀರಿ. ಯಾಕೆ ತೆರೆಯುತ್ತೇನೆಂದು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ನಾಲ್ಕು ಜನರೆದುರು ಮಾತಾಡಿ ರೂಢಿಯಿಲ್ಲದವಳು ನಾನು. ನಮ್ಮೂರು ನನ್ನಿವಾಳದ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಹಾಗಾಗಿ ಬರೆದಿಡುತ್ತಿದ್ದೇನೆ.

ದೆವ್ವ ಭೂತಗಳನ್ನು ನಾನು ಎಂದೂ ನಂಬಿದವಳಲ್ಲ. ನಿಮ್ಮ ತಾತ ತೀರಿಕೊಂಡ ವರ್ಷ ಓಣಿಯ ಹೆಂಗಸರು "ರಾತ್ರಿ ಏನಾದ್ರೂ ಸದ್ದಾತೇನೆ?" ಎಂದು ಕೇಳುತ್ತಿದ್ದರು. ಸದ್ದು ಆಗುತ್ತಿತ್ತು, ಅದು ಇಲಿಯದು. ಸತ್ತವರು ಬರುವುದೇ ಆಗಿದ್ದರೆ ನಿಮ್ಮ ತಾತ ಖಂಡಿತ ಬರುತ್ತಿದ್ದರು. ನನ್ನ ಕೈಯ ಶೇಂಗಾ ಹೋಳಿಗೆ ಎಂದರೆ ಅವರಿಗೆ ಅಷ್ಟು ಇಷ್ಟ. ಬರಲಿಲ್ಲ.

ಅವರು ಹೋದ ಮೇಲೆ ನಾನು ಕೆಲಸಕ್ಕೆ ಸೇರಿದ್ದು ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ದಾರಿಯಲ್ಲಿ ವಿಶ್ವವಿದ್ಯಾಲಯದವರು ಹೊಸದಾಗಿ ತೆರೆದಿದ್ದ ಸಣ್ಣ ಕ್ಯಾಂಪಸ್ಸಿನಲ್ಲಿ. ಎರಡು ಸಾವಿರದ ಇಸವಿ ದಾಟಿದ ಹೊಸತು. ಸುತ್ತ ಶೇಂಗಾ ಹೊಲ, ನಡುವೆ ಕೆಲವು ಕಟ್ಟಡ, ಒಂದು ಬಯಲು, ಆ ಬಯಲಿಗೆ ಒಂದೇ ಒಂದು ಬೇವಿನ ಮರ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನನ್ನ ಅಡುಗೆ. ಹುಡುಗಿಯರು ನನ್ನನ್ನು ಅಡುಗೆ ಅಕ್ಕ ಎನ್ನುತ್ತಿದ್ದರು.

ಆ ವರ್ಷ ಒಂದು ಸುದ್ದಿ ಎದ್ದಿತು. ಸಂಜೆ ಬಟ್ಟೆ ತೆಗೆಯಲು ಹೋದ ಇಬ್ಬರು ಹುಡುಗಿಯರು ಬೇವಿನ ಮರದ ಕೆಳಗೆ ಯಾರೋ ನಿಂತಿದ್ದನ್ನು ಕಂಡರಂತೆ. ಏನೂ ಮಾಡಲಿಲ್ಲವಂತೆ, ಸುಮ್ಮನೆ ನಿಂತಿದ್ದರಂತೆ. ಅಷ್ಟು ಸಾಕಾಯಿತು. ಬಚ್ಚಲಿಗೂ ಹುಡುಗಿಯರು ಗುಂಪು ಕಟ್ಟಿಕೊಂಡು ಹೊರಟರು. ಸುದ್ದಿ ಊರುಗಳಿಗೆ ಮುಟ್ಟಿ, ಅಪ್ಪಂದಿರು ಬಂದು ಮಕ್ಕಳ ಟ್ರಂಕು ಹೊತ್ತು ನಡೆದರು. ಕೊನೆಗೆ ಗೌರಸಮುದ್ರದ ಮಾರಕ್ಕನ ಅಪ್ಪ ಓಬಣ್ಣನೂ ಭಾನುವಾರ ಬರುತ್ತೇನೆಂದು ಹೇಳಿಕಳಿಸಿದ. ಅವನು ಕುರಿ ಮೇಯಿಸುವವನು, ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಮಾರಕ್ಕ ಒಬ್ಬಳೇ. ಒಮ್ಮೆ ಮನೆಗೆ ಹೋದರೆ ಮದುವೆಯೇ ಸೈ, ಮತ್ತೆ ಪುಸ್ತಕ ಮುಟ್ಟುವಂತಿಲ್ಲ. ಅವಳು ಅಡುಗೆಮನೆಗೆ ಬಂದು, ಈರುಳ್ಳಿ ಹೆಚ್ಚುವ ನೆಪದಲ್ಲಿ ಅಳುತ್ತಿದ್ದಳು.

ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಸುಮಾ ಮೇಡಂ ಚಿಕ್ಕ ವಯಸ್ಸಿನವರು, ಬಲು ಚೂಟಿ. ಒಂದು ಸಂಜೆ ಎಲ್ಲರನ್ನೂ ಊಟದ ಹಾಲಿಗೆ ಕರೆದರು. "ದೆವ್ವ ಇಲ್ಲ ಅಂದ್ರೆ ನೀವು ನಂಬಲ್ಲ. ಸರಿ, ಇದೆ ಅಂತಲೇ ಇಟ್ಕೊಳ್ಳೋಣ. ಸತ್ತೋರು ಎದ್ದು ನಡ್ಕೊಂಡು ಕ್ಯಾಂಪಸ್ಸಿಗೆ ಬಂದ್ರೆ ಏನ್ ಮಾಡ್ಬೇಕು? ಪ್ಲಾನ್ ಹೇಳಿ" ಎಂದು ಬೋರ್ಡಿನ ಮೇಲೆ "ಜಾಂಬಿ ಬಂದರೆ" ಎಂದು ಬರೆದರು. ಜಾಂಬಿ ಎಂಬ ಮಾತನ್ನು ನಾನು ಕೇಳಿದ್ದು ಆಗಲೇ.

ಮೊದಲಿಗೆ ಒಬ್ಬಳು, "ರಾಯದುರ್ಗದ ಕಡೆಯಿಂದ ಬಂದ್ರೆ ತೆಲುಗಲ್ಲಿ ಮಾತಾಡಿಸ್ಬೇಕಾ ಮೇಡಂ?" ಎಂದಳು. ಹಾಲೆಲ್ಲ ಕಿಸಕ್ಕೆಂದಿತು. ಇನ್ನೊಬ್ಬಳು, "ಅಡುಗೆ ಅಕ್ಕನ ಸೌಟು ಕೊಟ್ರೆ ಒಬ್ಬೊಬ್ರಿಗೇ ಬಾರಿಸ್ತೀನಿ" ಎಂದಳು. ವಾಚ್‌ಮನ್ ತಿಪ್ಪೇಸ್ವಾಮಿ ಬಾಗಿಲಲ್ಲೇ ನಿಂತು ಗಂಭೀರವಾಗಿ ಹೇಳಿದ: "ಇದು ಹೆಣ್ಮಕ್ಕಳ ಹಾಸ್ಟೆಲ್ಲು ಕಣ್ರಿ ಮೇಡಮ್ಮೋರೆ. ಬದುಕಿರ್ಲಿ ಸತ್ತಿರ್ಲಿ, ಸಂಜೆ ಆರಾದ ಮ್ಯಾಲೆ ಗಂಡಸರನ್ನ ನಾ ಒಳಗೆ ಬಿಡಾಕಿಲ್ಲ." ಮಾರಕ್ಕ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪ್ಲಾನ್ ಬೆಳೆಯಿತು. ಗಂಟೆ ಹೊಡೆದ ಕೂಡಲೇ ಎಲ್ಲರೂ ಕ್ಯಾಂಪಸ್ ಖಾಲಿ ಮಾಡಿ ಆಚೆಯ ಹೊಲ ಸೇರಬೇಕು, ಗೇಟಿಗೆಲ್ಲ ಜಾಲಿಮುಳ್ಳು ಬಡಿಯಬೇಕು. ಕೇಳುತ್ತಾ ಕೇಳುತ್ತಾ ನನಗೆ ನಮ್ಮೂರಿನ ಹೊರಬೀಡು ಕಣ್ಣಿಗೆ ಕಟ್ಟಿತು. ಕಾಯಿಲೆ ಕಸಾಲೆ ಬಂದರೆ ಒಲೆ ಆರಿಸಿ, ಕೋಳಿ ಕರು ಸಮೇತ ಇಡೀ ಊರೇ ಹೊರಗೆ ಹೋಗಿ, ಹೊಲದಲ್ಲಿ ಉಂಡು, ಸಂಜೆ ವಾಪಸ್ಸಾಗುವುದು. ಊರ ದಾರಿಗಳಿಗೆ ಮುಳ್ಳು ಹಾಕುವಾಗ ನಮ್ಮವ್ವ ಒಂದು ಕಡೆ ಮಾತ್ರ ತೆರೆದು ಬಿಡಿಸುತ್ತಿದ್ದಳು. ಅದು ನೆನಪಾಗಿ, ನನಗೇ ಗೊತ್ತಿಲ್ಲದ ಹಾಗೆ ಬಾಯಿಂದ ಬಂದುಬಿಟ್ಟಿತು: "ಎಲ್ಲಾ ಗೇಟೂ ಮುಚ್ಚಿದ್ರೆ ಪಾಪ, ಅವ್ರು ಹೋಗೋದು ಎಲ್ಲಿಂದ?"

ಎಲ್ಲರೂ ನನ್ನ ಕಡೆ ತಿರುಗಿದರು. ನೆಲ ಬಿರಿಯಬಾರದೇ ಎನ್ನಿಸಿತು. ಸುಮಾ ಮೇಡಂ ಜೋರಾಗಿ ನಕ್ಕು, "ಹೌದಲ್ಲ! ಹಿಂದಿನ ಗೇಟು ಜಾಂಬಿಗಳಿಗೆ" ಎಂದು ಬೋರ್ಡಿನ ಮೇಲೆ ಬರೆದೇಬಿಟ್ಟರು.

ಆ ಪ್ಲಾನನ್ನೇ ಆಟವಾಗಿ ಆಡಿಸಲು ಮೇಡಂ ಗೊತ್ತುಮಾಡಿದ್ದು ಓಬಣ್ಣ ಬರುವ ಭಾನುವಾರವನ್ನೇ. ಅಂದು ಗಂಟೆ ಹೊಡೆಯಿತು. ನಾನು ಒಲೆಗೆ ನೀರು ಚಿಮುಕಿಸಿ, ಚಿತ್ರಾನ್ನದ ಪಾತ್ರೆ ಹೊರಿಸಿಕೊಂಡು ಹೊರಟೆ. ತಿಪ್ಪೇಸ್ವಾಮಿಯೇ ಜಾಂಬಿ. ಮುಖಕ್ಕೆ ರಾಗಿಹಿಟ್ಟು ಬಳಿದುಕೊಂಡು, ಕಂಬಳಿ ಹೊದ್ದು, ಕೈ ಚಾಚಿ ಕಾಲೆಳೆಯುತ್ತಾ ಹುಡುಗಿಯರನ್ನು ಅಟ್ಟಿಸಿಕೊಂಡು ಹೊಲಕ್ಕೇ ಬಂದ. ಹಿಟ್ಟಿನ ಆಸೆಗೆ ಕ್ಯಾಂಪಸ್ಸಿನ ನಾಯಿ ಅವನ ಹಿಂದೆ. ಎಲೆ ಹಾಕಿದ್ದು ಕಂಡದ್ದೇ ತಡ, ಜಾಂಬಿ ಚಕ್ಕಂಬಕ್ಕಳ ಹಾಕಿ ಕೂತು, "ಶೇಂಗಾ ಚಟ್ನಿ ಸ್ವಲ್ಪ ಜಾಸ್ತಿ ಹಾಕ್ರವ್ವ" ಎಂದಿತು. ಅಷ್ಟು ನಗುವನ್ನು ಆ ಹೊಲ ಹಿಂದೆಂದೂ ಕೇಳಿರಲಾರದು. ಮಾರಕ್ಕನ ಟ್ರಂಕು ಮಾತ್ರ ಬದುವಿನ ಮೇಲೆ ಕಟ್ಟಿಟ್ಟ ಹಾಗೇ ಇತ್ತು.

ಬಿಸಿಲು ಇಳಿಯುವಾಗ ಓಬಣ್ಣ ಬಂದ, ಕುರಿಹಿಂಡಿನ ಸಮೇತ. ಮಗಳನ್ನು ಮಾತಾಡಿಸುವಷ್ಟರಲ್ಲಿ ಕುರಿಗಳು ತೆರೆದಿದ್ದ ಹಿಂದಿನ ಗೇಟಿನಿಂದ ಒಳಗೆ ನುಗ್ಗಿದವು. ನನ್ನ ಅಡುಗೆಮನೆಯ ನೀರು ಹರಿಯುವ ಕಡೆ ಸೊಪ್ಪಿನ ಮಡಿ ಮಾಡಿದ್ದೆ. "ಅಯ್ಯೋ ನನ್ನ ಮೆಂತ್ಯ!" ಎಂದು ನಾನು ಓಡಿದೆ, ಓಬಣ್ಣನೂ ಓಡಿದ. ಅವನು ಗೇಟಿನಲ್ಲಿ ನಿಂತು ನಾಲಿಗೆಯಿಂದ ಸದ್ದು ಮಾಡಿ ಕರೆದ. ಬಯಲಿನ ಆ ತುದಿಯಿಂದ ಹಿಂಡು ಒಟ್ಟಾಗಿ ನಮ್ಮ ಕಡೆ ಬರತೊಡಗಿತು.

ಬೇವಿನ ಮರದ ಹತ್ತಿರ ಹಿಂಡು ಎರಡಾಯಿತು.

ಮರ ಪಕ್ಕಕ್ಕಿತ್ತು, ಕುರಿಗಳು ತುಳಿಯದೆ ಬಿಟ್ಟಿದ್ದು ಅದರ ಮುಂದಿನ ಬರೀ ನೆಲವನ್ನು. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ನೂಕಾಡಿಕೊಂಡು ಬರುವ ಕುರಿಗಳು ಆ ಜಾಗಕ್ಕೆ ಬಂದು ಆಚೆ ಈಚೆ ಸರಿದು, ಮತ್ತೆ ಕೂಡಿಕೊಳ್ಳುತ್ತಿದ್ದವು. ನೋಡುತ್ತಿದ್ದಂತೆ ಆ ಖಾಲಿ ಜಾಗವೂ ನಡೆಯತೊಡಗಿತು. ಹಿಂಡಿನ ನಡುವೆ, ಹಿಂಡಿನ ವೇಗದಲ್ಲೇ, ಗೇಟಿನ ಕಡೆಗೆ. ಯಾವ ಕುರಿಯೂ ಬೆದರಲಿಲ್ಲ. ಒಂದು ಮರಿಯಂತೂ ಅದರ ಪಕ್ಕದಲ್ಲೇ ಕುಣಿಯುತ್ತಾ ಬಂದು, ಕತ್ತೆತ್ತಿ, ಯಾರದೋ ಮುಖ ನೋಡುವ ಹಾಗೆ ಮೇಲಕ್ಕೆ ನೋಡಿತು.

ಓಬಣ್ಣ ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದು ಒಂದು ಪಕ್ಕಕ್ಕೆ ಸರಿದ. ನಾನೂ ಸರಿದೆ. ಕುರಿಗಳು ನಮ್ಮ ಮೊಣಕಾಲಿಗೆ ಉಜ್ಜಿಕೊಂಡು ದಾಟಿದವು, ನಡುವೆ ಆ ಜಾಗವೂ ದಾಟಿತು. ಗೇಟಿನಾಚೆ ಒಂದಿಷ್ಟು ದೂರ ಹೋದ ಮೇಲೆ ಹಿಂಡು ಕೂಡಿಕೊಂಡಿತು, ಮತ್ತೆ ಬಿರಿಯಲಿಲ್ಲ. ತಿಪ್ಪೇಸ್ವಾಮಿ ಆಗ ಹೊಲದಲ್ಲಿ ಎರಡನೇ ಸಲ ಎಲೆ ಹಾಕಿಸಿಕೊಳ್ಳುತ್ತಿದ್ದ, ಅವನ ದನಿ ಕೇಳುತ್ತಿತ್ತು.

"ಏನಣ್ಣ ಅದು?" ಎಂದೆ.

"ನೀ ಏನ್ ನೋಡ್ದೆ ತಂಗಿ?"

"ಕುರಿ ದಾರಿ ಬಿಟ್ಟಿದ್ದು ನೋಡ್ದೆ."

"ನಾನೂ ಅಷ್ಟೇ ಕಣವ್ವ ನೋಡಿದ್ದು." ಟವಲು ಕೊಡವಿ ತಲೆಗೆ ಸುತ್ತಿಕೊಂಡ. "ಹೋಗೋರು ಹೋದ್ರು ಬಿಡು."

ಹೊಲಕ್ಕೆ ಬಂದವನೇ ಮಗಳ ಟ್ರಂಕನ್ನು ಭುಜಕ್ಕೇರಿಸಿದ. ಮಾರಕ್ಕನ ಮುಖ ಬಾಡಿತು. ಅವನು ರಸ್ತೆಯ ಕಡೆ ತಿರುಗಲಿಲ್ಲ, ಹಾಸ್ಟೆಲಿನ ಕಡೆ ನಡೆದ.

"ಯಾಕಪ್ಪ, ಮನೀಗೆ ಬ್ಯಾಡ್ವಾ?"

"ಪರೀಕ್ಷೆ ಹತ್ರ ಬಂದೈತಂತಲ್ಲ. ಓದು. ಇಲ್ಲಿ ಈಗ ಯಾರೂ ಇಲ್ಲ" ಎಂದ.

ಸುಮಾ ಮೇಡಂ ತಮ್ಮ ಪ್ಲಾನ್ ಗೆದ್ದಿತೆಂದು ಹಿಗ್ಗಿಹೋದರು. ಗೆದ್ದಿದ್ದೂ ನಿಜ. ಹೋದ ಹುಡುಗಿಯರೂ ಒಬ್ಬೊಬ್ಬರಾಗಿ ಮರಳಿದರು, ಮರದ ಕೆಳಗೆ ಯಾರನ್ನೂ ಯಾರೂ ಮತ್ತೆ ಕಾಣಲಿಲ್ಲ, ಮಾರಕ್ಕ ಡಿಗ್ರಿ ಮುಗಿಸಿದಳು. ಜಾಂಬಿ ಭಾನುವಾರ ವರ್ಷ ವರ್ಷ ನಡೆಯಿತು. ನಾನೂ ಓಬಣ್ಣನೂ ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ನೋಡಿದ್ದೆ. ಅಲ್ಲಿ ಹಾವಿನ ಬಿಲವಿರಲಿಲ್ಲ, ಕಲ್ಲಿರಲಿಲ್ಲ, ಮುಳ್ಳಿರಲಿಲ್ಲ. ಕುರಿಗೊರಸಿನ ಗುರುತು ತುಂಬಿದ ನೆಲದ ಮೇಲೆ ಮರದಿಂದ ಗೇಟಿನವರೆಗೆ, ಹಿಂದೆ ಬಂದ ಕುರಿಗಳು ತುಳಿಯಲೇಬೇಕಿದ್ದ ಒಂದು ಹಾದಿ ಮಾತ್ರ ನುಣ್ಣಗೆ ಉಳಿದಿತ್ತು. ಅದರ ಮೇಲೆ ಮನುಷ್ಯರ ಹೆಜ್ಜೆಯೂ ಇರಲಿಲ್ಲ. ಯಾರು, ಎಷ್ಟು ದಿನದಿಂದ ನಿಂತಿದ್ದರು, ಎಲ್ಲಿಗೆ ಹೋದರು? ಇಷ್ಟು ವರ್ಷ ಯೋಚಿಸಿಯೂ ನನಗೆ ತಿಳಿದಿಲ್ಲ. ಈಗಲೂ ದೆವ್ವ ಇದೆಯೇ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತೇನೆ.

ಆದರೂ ಹಿತ್ತಲ ಬಾಗಿಲು ತೆರೆದರೆ ನನ್ನನ್ನು ಆಟದಿಂದ ಹೊರಗೆ ಹಾಕಬೇಡಿ ಮಕ್ಕಳೇ.