ಕೀಲಿ ಎಂದರೆ ಯಾವುದು

ನಮ್ಮ ಮುಂಬಾಗಿಲಿಗೆ ಒಂದು ಹಿತ್ತಾಳೆಯ ಬೀಗವಿದೆ. ಅದರ ಎದುರು ನಿಂತು ನಾಲ್ಕು ಮಾತು ಜಗಳವಾಡದೆ ನಾವು ಯಾರೂ ಈ ನಾಗಪುರದ ಬಿಸಿಲಿಗೆ ಇಳಿದವರಲ್ಲ. ಗದಗಿನ ಕಡೆಯಿಂದ ಬಂದ ನನ್ನ ಸೋದರತ್ತೆ ಗೌರತ್ತಿಗೆ ಕೀಲಿ ಎಂದರೆ ಬೀಗ. ಇಲ್ಲಿಯೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, ಕನ್ನಡವನ್ನು ಅಡುಗೆಮನೆಯಲ್ಲಷ್ಟೇ ಕಲಿತ ನನ್ನ ಹೆಂಡತಿ ವಿಮಲಾಳಿಗೆ, ಮರಾಠಿಯ ‘ಕಿಲ್ಲಿ’ಯ ನೆರಳು ಬಿದ್ದು, ಕೀಲಿ ಎಂದರೆ ಬೀಗದ ಕೈ. ಒಬ್ಬರು ಕೀಲಿ ಕೇಳಿದರೆ ಇನ್ನೊಬ್ಬರು ಕೊಡುವುದು ಸದಾ ಇನ್ನೊಂದನ್ನು. ಆಟೋದವನು ಹಾರ್ನ್ ಒತ್ತುತ್ತಿರುತ್ತಾನೆ, ನಾನು ಎರಡು ಅರ್ಥಗಳ ನಡುವೆ ಚಪ್ಪಲಿ ಮೆಟ್ಟಿಕೊಂಡು ನಿಂತಿರುತ್ತೇನೆ.

ಈ ಬೀಗ ಕಂಡಾಗಲೆಲ್ಲ ನನಗೊಂದು ಸ್ಕ್ಯಾನರು ನೆನಪಾಗುತ್ತದೆ, ಮಿತ್ರರೆ. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಕಳೆದ ದಿನಗಳನ್ನು ಇಸ್ತ್ರಿ ಹಾಕಿ ತಂದುಕೊಡುವ ಧೋಬಿ ಅದು, ಸುಕ್ಕುಗಳೇ ನಮ್ಮ ಗುರುತೆಂಬುದು ಅದಕ್ಕೆ ತಿಳಿಯದು. ಆದ್ದರಿಂದ ಸುಕ್ಕುಗಳನ್ನು ಮೊದಲೇ ಒಪ್ಪಿಸಿಬಿಡುತ್ತೇನೆ. ಸ್ಕ್ಯಾನರು ಬೂದು ಬಣ್ಣದ್ದೋ ಬಿಳಿಯದೋ ಹೇಳಲಾರೆ. ಕೂಲರ್ ಭೋರ್ಗರೆಯುತ್ತಿತ್ತೆಂದು ವಿಮಲಾ ಹೇಳುತ್ತಾಳೆ. ತೇವಕ್ಕೆ ಹಾಳೆ ಕೆಟ್ಟೀತೆಂದು ನಾನೇ ಅದನ್ನು ನಿಲ್ಲಿಸಿದ್ದೆನೆಂದು ನನ್ನ ವಾದ. ಮೇ ತಿಂಗಳೆಂಬುದು ಮಾತ್ರ ಖಚಿತ, ಏಕೆಂದರೆ ಅದು ಲಗ್ನಪತ್ರಿಕೆಗಳ ಕಾಲವಾಗಿತ್ತು.

ಇಲ್ಲಿಯ ಕನ್ನಡ ಕುಟುಂಬಗಳು ಸೇರಿ ವರ್ಷಕ್ಕೊಂದು ಪುಸ್ತಿಕೆ ತರುತ್ತಿದ್ದೆವು. ಮಕ್ಕಳಿಗೆ ಕನ್ನಡ ಓದಲು ಬಾರದೆಂದು ಅದು ವರ್ಷದಿಂದ ವರ್ಷಕ್ಕೆ ಹಿಂದಿಯಾಗುತ್ತಾ ಬಂದಿತ್ತು. ಆ ವರ್ಷ ಗೌರತ್ತಿ, ಭಾನುವಾರದ ಪಾಠಕ್ಕೆಂದು ತಾನೇ ಬರೆದು ಚಿತ್ರ ಬಿಡಿಸಿದ್ದ ಹದಿನಾರು ಪುಟಗಳ ಅಕ್ಷರಮಾಲೆ ಅದರಲ್ಲಿ ಅಚ್ಚಾಗಲೇಬೇಕೆಂದು ಹಟ ಹಿಡಿದಳು. “ನನ್ನ ಅಕ್ಷರ ಅಚ್ಚಾಗ್ಲಿ. ಆಮ್ಯಾಲೂ ಹುಡುಗ್ರು ಓದಲಿಲ್ಲಂದ್ರ ಅವರ ಹಣೇಬರ!” ಮುದ್ರಣಾಲಯದಲ್ಲಿ ಕನ್ನಡದ ಅಚ್ಚಿರಲಿಲ್ಲ, ಅವರ ಸ್ಕ್ಯಾನರಿಗೆ ಮದುವೆಗಳಿಂದ ಬಿಡುವಿರಲಿಲ್ಲ. ಪುಟಗಳನ್ನು ಚಿತ್ರಗಳಾಗಿ ಫ್ಲಾಪಿಗಳಲ್ಲಿ ಹಾಕಿ ಶನಿವಾರ ಸಂಜೆ ಐದರೊಳಗೆ ತಂದರೆ ಸರಿ, ಇಲ್ಲವಾದರೆ ಕನ್ನಡದ ಭಾಗವನ್ನು ಬಿಟ್ಟೇ ಅಚ್ಚು ಎಂದರು.

ಆ ಅಕ್ಷರಮಾಲೆಯಲ್ಲಿ ‘ಕೀ’ ಪುಟದ ಮೇಲೆ ಮೊದಲಿನಿಂದಲೂ ತಕರಾರಿತ್ತು. ಕೀಲಿ ಎಂದು ಬರೆದು ಪಕ್ಕದಲ್ಲಿ ಆಕೆ ದಪ್ಪನೆಯ ಬೀಗ ಬಿಡಿಸಿದ್ದಳು. ಪಾಠಕ್ಕೆ ಬರುವ ಮಕ್ಕಳು, “ಆಜೀ, ಹೇ ತರ್ ಕುಲುಪ್! ಕಿಲ್ಲೀ ಮ್ಹಣಜೆ ಚಾವಿ,” ಇದು ಬೀಗ, ಕಿಲ್ಲಿ ಎಂದರೆ ಬೀಗದ ಕೈ ಎಂದು ಮರಾಠಿಯಲ್ಲಿ ನಗುತ್ತಿದ್ದರು. ತಿದ್ದಿಬಿಡಿ ಎಂದು ವಿಮಲಾಳೂ ಹೇಳಿ ನೋಡಿದಳು. “ನಿಮ್ಮ ಕಿಲ್ಲಿ ನಿಮ್ಮ ಮರಾಠ್ಯಾಗಿರ್ಲಿ,” ಎಂದು ಗೌರತ್ತಿ ಪುಟ ಮುಚ್ಚಿದ್ದಳು.

ಸೀತಾಬರ್ಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಪ್ರಮೋದ್‌ಭಾವೂ ಎರಡು ದಿನಕ್ಕೆಂದು ತನ್ನ ಹಳೆಯ ಸ್ಕ್ಯಾನರು ಕೊಟ್ಟ. ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ತಂದೆ. ಶನಿವಾರ ಮಧ್ಯಾಹ್ನ ಹೆಬ್ಬೆರಳು ಗಾತ್ರದ ಕೇಬಲ್ಲಿನಿಂದ ಅದನ್ನು ಕಂಪ್ಯೂಟರಿಗೆ ಬಿಗಿದೆ. ಪರದೆಯ ಮೇಲೆ ಮೂಡಿದ್ದು ಒಂದೇ ವಾಕ್ಯ: ಸ್ಕ್ಯಾನರು ಸಿಗುತ್ತಿಲ್ಲ, ಸಂಪರ್ಕ ಪರೀಕ್ಷಿಸಿ. ಕೇಬಲ್ ಬಿಚ್ಚಿ ಹಾಕಿದೆ. ಪ್ರಿಂಟರನ್ನು ಕಳಚಿ ದೂರ ಸರಿಸಿದೆ. ಮೊದಲು ಸ್ಕ್ಯಾನರು, ಆಮೇಲೆ ಕಂಪ್ಯೂಟರು, ಮತ್ತೆ ಮೊದಲು ಕಂಪ್ಯೂಟರು, ಆಮೇಲೆ ಸ್ಕ್ಯಾನರು ಎಂದು ಹಚ್ಚಿ ಆರಿಸಿದೆ. ಪ್ರೋಗ್ರಾಮನ್ನು ಅಳಿಸಿ ಮತ್ತೆ ತುಂಬಿಸಿದೆ. ಸಿಗುತ್ತಿಲ್ಲ.

“ಏನಂತೋ ಅದು?”

“ಸ್ಕ್ಯಾನರು ಸಿಗವಲ್ದಂತ, ಅತ್ತಿ.”

“ಸಿಗವಲ್ದ? ಮುಂದ ಕುಂತೈತಲ್ಲೋ, ಎಮ್ಮಿ ಕುಂತಂಗ!”

ಎಷ್ಟು ಸರಿಯಾದ ಮಾತು! ಗೇಣು ದೂರದಲ್ಲಿ ಕುಳಿತವರನ್ನು ಸಿಗುತ್ತಿಲ್ಲ ಎನ್ನುವುದರಲ್ಲಿ ಮನುಷ್ಯರೂ ಕಡಿಮೆಯೇನಲ್ಲ. ಒಂದೇ ಊಟದ ಮೇಜಿನಲ್ಲಿ ಅತ್ತೆಯ ಕನ್ನಡಕ್ಕೆ ಹೆಂಡತಿಯ ಕನ್ನಡ ಎಷ್ಟೋ ಸಲ ಸಿಕ್ಕಿಲ್ಲ. ಆಗೆಲ್ಲ ನಾವು ಪರೀಕ್ಷಿಸಿದ್ದು ಸಂಪರ್ಕವನ್ನೇ, ಕೇಬಲ್ಲನ್ನೇ, ಅಂದರೆ ಮಾತನ್ನೇ. ಕೆಟ್ಟದ್ದು ಅಲ್ಲಿಲ್ಲದಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಮೂರು ಗಂಟೆಗೆ ಸೋತು ಪ್ರಮೋದ್‌ಭಾವೂಗೆ ಫೋನು ಮಾಡಿದೆ. ಆತ ಗಿರಾಕಿಗಳ ಗದ್ದಲದ ನಡುವಿನಿಂದ ಕೂಗಿದ: “ಆಧೀ ಕಿಲ್ಲೀ ಬಘಾ, ಕಿಲ್ಲೀ! ಸೀಡೀಚ್ಯಾ ಪಾಕಿಟಾವರ್!” ಸೀಡಿಯ ಲಕೋಟೆಯ ಮೇಲೆ ಅಚ್ಚಾಗಿರುವ, ಪ್ರೋಗ್ರಾಮು ತುಂಬಿಸುವಾಗ ಒತ್ತಬೇಕಾದ ಗುಪ್ತಸಂಖ್ಯೆಯನ್ನು ಆತ ಕಿಲ್ಲಿ ಎನ್ನುತ್ತಿದ್ದ. ಅದನ್ನು ನಾನು ಆಗಲೇ ಸರಿಯಾಗಿ ಒತ್ತಿದ್ದೆ. ಅಷ್ಟು ಹೊಳೆಯದೆ, ಎಲ್ಲಿದೆ ಕಿಲ್ಲಿ ಎಂದು ನಾನೂ ಕೂಗಿದೆ: “ಕಿಲ್ಲೀ? ಕುಠೆ ಆಹೆ ಕಿಲ್ಲೀ?”

ಹಿಂದಿನಿಂದ ಗೌರತ್ತಿಯ ದನಿ ಬಂತು. “ಕೀಲಿ ಹಾಕ್ಯಾರೇನು ಇದಕ್ಕ? ಮೊದಲ ಹೇಳಬಾರದೇನೋ, ಹುಚ್ಚಪ್ಪಾ!”

ನಾನು ಬೇಡವೆನ್ನುವಷ್ಟರಲ್ಲಿ ಆಕೆ ಸ್ಕ್ಯಾನರಿನ ಒಂದು ಅಂಚು ಎತ್ತಿ, ಕನ್ನಡಕ ಸರಿಪಡಿಸಿಕೊಂಡು, ಅದರ ಹೊಟ್ಟೆಯಡಿ ಇಣುಕಿದ್ದಳು. “ಇಲ್ಲೇ ಐತಿ ನೋಡು! ಕೀಲಿ ಚಿತ್ರಾನೂ ಬರದಾರ. ನನ್ನಷ್ಟು ಚಂದ ಬಂದಿಲ್ಲ ಖರೆ.”

ನಿಜಕ್ಕೂ ಇತ್ತು. ಕಡಲೆಕಾಳಿನಷ್ಟು ಬೀಗದ ಚಿತ್ರ, ಪಕ್ಕದಲ್ಲಿ ಉಗುರಿನಿಂದ ಸರಿಸುವ ಗುಂಡಿ. ಫೋನಿನಲ್ಲಿ ಹೇಳಿದೆ, ಆ ಕಡೆಯಿಂದ ನಗೆ: “ಅರೆ ಬಾಪ್‌ರೆ! ತೇ ಕುಲುಪ್ ಮೀಚ್ ಲಾವಲಂ!” ಆಟೋದ ಕುಲುಕಾಟಕ್ಕೆ ಒಳಗಿನ ದೀಪ ಜಾರದಿರಲೆಂದು ತಾನೇ ಹಾಕಿದ ಬೀಗ ಅವನಿಗೆ ಮರೆತೇಹೋಗಿತ್ತು. ಸಂಪರ್ಕ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಒಳಗಿನದು ಅಲುಗದಂತೆ ಬಿಗಿದಿದ್ದರಿಂದ ಯಂತ್ರ ಓಗೊಡುತ್ತಿರಲಿಲ್ಲ, ಅಷ್ಟೇ.

ಗೌರತ್ತಿ ಉಗುರಿನಿಂದ ಗುಂಡಿ ಸರಿಸಿದಳು. ಟಕ್ ಎಂದಿತು. ಮತ್ತೆ ಹಚ್ಚಿದೆ, ಜೇನುಗೂಡಿನಂತೆ ಗುಂಯ್‌ಗುಟ್ಟುತ್ತಾ ಹಸಿರು ಬೆಳಕು ಗಾಜಿನಡಿ ನಡೆಯತೊಡಗಿತು. ಯಂತ್ರ ಮೇಜಿನಿಂದ ಜಾರೀತೆಂದು ಆಕೆ ಮುಚ್ಚಳ ತೆರೆದ ಗಾಜಿನ ಮೇಲೆ ಅಂಗೈ ಊರಿಯೇ ಇದ್ದಳು. ಹೀಗಾಗಿ ಪರದೆಯ ಮೇಲೆ ಮೊದಲು ಮೂಡಿದ್ದು ಎರಡು ಗಾಜಿನ ಬಳೆಗಳ ಸಮೇತ ಒಂದು ಕೈ, ಅದರ ಒಂದೊಂದು ಸುಕ್ಕೂ ಸ್ಪಷ್ಟ.

“ಅಯ್ಯ, ನನ್ನ ಕೈ! ಭವಿಷ್ಯ ಹೇಳತೈತೇನು ಇದು?” ಎಂದು ಆಕೆ, “ಐದರೊಳಗ ಅಚ್ಚಾಗೂದು ಬರದೈತಿ, ಅತ್ತ್ಯಾ! ಜಲ್ದಿ ಹಾಳಿ ಕೊಡ್ರಿ!” ಎಂದು ವಿಮಲಾ, ಮೂವರೂ ಕುಣಿಯುವುದೊಂದೇ ಬಾಕಿ.

ಹಾಳೆಗಳು ಒಂದೊಂದಾಗಿ ಒಳಹೋದವು. ‘ಕೀ’ ಪುಟ ಬಂದಾಗ ಗೌರತ್ತಿ ತಡೆದಳು. ನನ್ನ ಜೇಬಿನ ಪೆನ್ನು ಕಿತ್ತುಕೊಂಡು ಬೀಗದ ಪಕ್ಕದಲ್ಲಿ ಒಂದು ಬೀಗದ ಕೈ ಬಿಡಿಸಿದಳು.

“ಸೋತ್ರೇನು, ಅತ್ತ್ಯಾ?” ಎಂದಳು ವಿಮಲಾ.

“ಸೋಲೂದೇನ ಬಂತ? ಕಿಲ್ಲಿ ಅಂತ ಒದರಿದ್ದಕ್ಕ ಕೀಲಿ ಸಿಕ್ತು. ಇರ್ಲಿ ಅದೂ ಒಂದು ಮೂಲ್ಯಾಗ.”

ಐದಕ್ಕೆ ಹತ್ತು ನಿಮಿಷವಿರುವಾಗ ಫ್ಲಾಪಿಗಳು ಮುದ್ರಣಾಲಯದ ಮೇಜಿನ ಮೇಲಿದ್ದವು. ಪುಸ್ತಿಕೆ ಬಂತು, ಹದಿನಾರು ಪುಟವೂ ಬಂತು.

ಈಗ ವಿಮಲಾ, ಆ ಗುಂಡಿಯನ್ನು ಕಂಡುಹಿಡಿದವಳು ತಾನೆನ್ನುತ್ತಾಳೆ; ಬೀಗದ ಕೈಯ ಚಿತ್ರ ಮೊದಲಿನಿಂದಲೂ ಇತ್ತೆಂದು ಗೌರತ್ತಿಯೇ ಸಾಧಿಸುತ್ತಾಳೆ. ಪುಸ್ತಿಕೆ ಆಕೆಯ ಪರ: ಅಚ್ಚಿನಲ್ಲಿ ಎರಡೂ ಒಂದೇ ಕಪ್ಪು, ಇಸ್ತ್ರಿ ಹಾಕಿದಂತೆ. ಮೂಲ ಹಾಳೆ ನನ್ನ ಬಳಿಯಿದೆ. ಅದರಲ್ಲಿ ಬೀಗ ಕಪ್ಪು, ಕೈ ನನ್ನ ಪೆನ್ನಿನ ನೀಲಿ.

ಇವತ್ತು ಬೆಳಿಗ್ಗೆ ಹೊರಡುವಾಗ ಹೊಸ್ತಿಲಲ್ಲಿ ಇಬ್ಬರೂ ಒಟ್ಟಿಗೇ ಕೈ ಚಾಚಿ “ಕೀಲಿ” ಎಂದರು. ಒಂದು ಕೈಗೆ ಬೀಗವನ್ನು, ಇನ್ನೊಂದಕ್ಕೆ ಅದರ ಕೈಯನ್ನು ಇಟ್ಟೆ. ಯಾವುದು ಎಂದು ನಾನೂ ಕೇಳಲಿಲ್ಲ, ಅವರೂ ಬೈಯಲಿಲ್ಲ. ಬೀಗ ಟಕ್ ಎಂದಿತು.