ಹಲಗೆಯ ಮೇಲೆ ಬರಿಗಾಲು

ಬೆಳುವಾಯಿಯಲ್ಲಿ ನಮ್ಮ ನೆರೆಮನೆಯವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅಡುಗೆಮನೆಯ ಹಿಂಬಾಗಿಲಿಗೆ ತಾಗಿದಂತೆ ತೆರೆದ ಜಗಲಿಯಂಥ ಮರದ ಡೆಕ್ ಕಟ್ಟಿಸಲು ಹೊರಟಾಗ, ಹಲಗೆ ಆರಿಸಲು ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಮಡಂತ್ಯಾರಿರಲಿ, ತೋಡಾರಿರಲಿ, ಯಾವ ಅಂಗಡಿಯಲ್ಲೂ ಮೊದಲು ಹಲಗೆಯನ್ನು ಬಿಸಿಲಿಗೆ ಹಾಕಿಸುವರು. ಸ್ವಲ್ಪ ಹೊತ್ತು ಬಿಟ್ಟು ಚಪ್ಪಲಿ ಕಳಚಿ ಅದರ ಮೇಲೆ ಹತ್ತಿ, ಓಡುವ ಬಸ್ಸಿನಲ್ಲಿ ನಿಂತ ಹಾಗೆ ಕಾಲು ಅಗಲಿಸಿ ನಿಲ್ಲುವರು.

“ಕಾಲು ಹೇಳ್ಬೇಕು ಮಾರಾಯ” ಎನ್ನುವರು.

ಮೂಡುಬಿದಿರೆಯ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಬೆರೆಸಿದ ಹಲಗೆ ನನಗೆ ಬಹಳ ಹಿಡಿಸಿತು. ಅದಕ್ಕೆ ಗೆದ್ದಲಿನ ಭಯವಿಲ್ಲ, ಮಳೆಯ ಭಯವೂ ಇಲ್ಲ. ಇವರು ಹತ್ತಿದವರೇ ಹಾರಿ ಕೆಳಗಿಳಿದರು.

“ಇದು ದೋಸೆ ಕಾವಲಿ!”

“ಚಪ್ಪಲಿ ಹಾಕಿಕೊಂಡು ನಡೆದರಾಯ್ತಲ್ಲ?” ಎಂದ ಅಂಗಡಿಯವ.

“ನಮ್ಮವಳಿಗೆ ಡೆಕ್ಕೂ ಮನೆಯ ಒಳಗಿನ ಲೆಕ್ಕ. ಒಳಗೆ ಅವಳು ಚಪ್ಪಲಿ ಹಾಕುವುದಿಲ್ಲ.”

“ಬಿಸಿಯಾದರೆ ಅವರೇ ಇಳಿದುಬಿಡ್ತಾರೆ” ಎಂದೆ ನಾನು.

ಅವರು ಪಾದ ಉಜ್ಜಿಕೊಂಡರು. “ಇಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಉಂಟಲ್ಲ, ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ. ಗುಳ್ಳೆ ಎದ್ದ ಮೇಲೆಯೇ ನೋಡುವುದು. ಹಾಗಾಗಿ ನನ್ನ ಕಾಲು ಹೇಳ್ಬೇಕು.”

ಕೊನೆಗೆ ಹಳೆ ಮನೆಯೊಂದರಿಂದ ಬಿಚ್ಚಿದ ಕಿರಾಲ್‌ಬೋಗಿ ಮರದ ಹಲಗೆಗಳನ್ನು ಅವರ ಕಾಲು ಒಪ್ಪಿತು.

ನಾನು ಆ ಊರು ಬಿಡುವವರೆಗೂ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವರ ಹೆಂಡತಿ ಆ ಡೆಕ್ಕಿನ ಮೇಲೆ ಹಪ್ಪಳ ಒಣಗಿಸುತ್ತಿದ್ದರು. ಆಕೆ ಹಪ್ಪಳದ ಚಾಪೆ ತರುವ ಮೊದಲೇ ಇವರು ಬರಿಗಾಲಲ್ಲಿ ಒಂದು ಸುತ್ತು ನಡೆದು ಬರುವರು.

“ನೋಡಿ, ಇವರಿಗೆ ಹೊಸ ಡೆಕ್ಕಿನ ಜಂಬ ಇನ್ನೂ ಇಳಿದಿಲ್ಲ” ಎಂದು ಆಕೆ ನನ್ನತ್ತ ನೋಡಿ ನಗುವರು.

ಅವರೂ ನಗುವರು.